ಬಳೆ ಹೆಚ್ಚಾಯಿತು

ನನ್ನ ಕರವಸ್ತ್ರದೊಳಗೆ ಗಾಜಿನ ಬಳೆ ‘ಟಪ್’ ಎಂದಿತು. ಮುಂದೆ ಕೂತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಕುರುಗೋಡಿನ ಮನೆಯೊಂದರಲ್ಲಿ ಕುಬಸದ, ಅಂದರೆ ಸೀಮಂತದ ದಿನ ಜಾದೂ ತೋರಿಸಲು ಬಳ್ಳಾರಿಯಿಂದ ಹೋಗಿದ್ದೆ. ಆಗಷ್ಟೇ ಹಸಿರು ಬಳೆ ತೊಟ್ಟಿದ್ದ ಬಸುರಿಯಿಂದಲೇ ಒಂದನ್ನು ಕೇಳಿ ಪಡೆದಿದ್ದೆ.

ಮುರಿದದ್ದು ಬಟ್ಟೆಯೊಳಗೆ ಅಡಗಿಸಿದ್ದ ನನ್ನ ಬಳೆ. ಆಕೆಯದು ನನ್ನ ಅಂಗೈಯಲ್ಲಿ ಭದ್ರವಾಗಿತ್ತು. ಅದನ್ನು ಹೇಳಿದರೆ ಆಟವೇ ಮುಗಿಯಿತು. ಅಭ್ಯಾಸಬಲದಿಂದ ನನ್ನ ಬಾಯಿ ಅಂದೇಬಿಟ್ಟಿತು: “ಬಳಿ ಒಡೀತು!”

ಬಸುರಿ ಬಿಳಿಚಿಕೊಂಡು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅವಳ ಅತ್ತೆ ಎದ್ದು ಬಂದು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು.

“ಒಡೀತು ಅನಬ್ಯಾಡ್ರಿ, ಅಪಶಕುನ. ಹೆಚ್ಚಾತು ಅನ್ರಿ.”

“ಹೆಚ್ಚಾತ್ರೀ ಅಮ್ಮಾ,” ಎಂದೆ. ಅವರು ಕೈ ಬಿಟ್ಟರು. ಜೇಬಿನಲ್ಲಿ ಅಂಥದ್ದೇ ಇನ್ನೊಂದು ಬಳೆ ಇತ್ತು. ಅಂಗೈಯಲ್ಲಿದ್ದ ಆಕೆಯ ಬಳೆಯ ಜೊತೆ ಅದನ್ನೂ ಒಳಗೆ ಸರಿಸಿ, ಚೂರುಗಳನ್ನು ಮಡಿಕೆಯಲ್ಲಿ ಮರೆಮಾಡಿ ಕರವಸ್ತ್ರ ಬಿಚ್ಚಿದೆ. ಎರಡು ಬಳೆ! ಈ ಸಲ ಚಪ್ಪಾಳೆ ತಟ್ಟಿದವರು ಹೆಂಗಸರು. ಅತ್ತೆ ಎರಡನ್ನೂ ಸೊಸೆಗೆ ತೊಡಿಸಿದರು.

ಈಗ ಎಲ್ಲಿಗೇ ಹೋಗಲಿ, ಆ ಆಟದ ಹೆಸರು ‘ಹೆಚ್ಚಾತು’. ಒಂದು ಬಳೆ ಪಡೆದರೆ ಎರಡು ಕೊಡುತ್ತೇನೆ. ಆದರೂ ಗಾಜಿನ ಸದ್ದಾದಾಗಲೆಲ್ಲ ಆ ಅತ್ತೆಯ ಕೈ ನನ್ನ ಮಣಿಕಟ್ಟನ್ನು ಇನ್ನೂ ಹಿಡಿದಂತಾಗುತ್ತದೆ.