ಸದ್ದು ಮಾಡದ ಕೀಬೋರ್ಡು

ನನ್ನಕ್ಕನಿಗೆ ಫಿಟ್ಸ್ ಇದೆ. ಕೀಬೋರ್ಡಿನ ಕಥೆ ಹೇಳಲು ಹೊರಟವಳು ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಕೀಬೋರ್ಡನ್ನು ನಾನು ಆರಿಸಿದ್ದೇ ಹೆದರಿಕೆಯಿಂದ. ಬಣ್ಣ, ಲೈಟು, ಅಂದ ಚೆಂದ ಎಲ್ಲ ಆಮೇಲಿನ ಮಾತು.

ರಾಮಮೂರ್ತಿ ನಗರದ ಒಂದು ಅಡ್ಡರಸ್ತೆಯಲ್ಲಿ ನೆಲಮಹಡಿಯ ಬಾಡಿಗೆ ಮನೆ ನಮ್ಮದು. ಇರುವುದು ನಾವಿಬ್ಬರೇ. ಬಾಗಿಲಿಗೆ ಹೊಂದಿಕೊಂಡ ಹಾಲಿನಲ್ಲಿ ಅಕ್ಕನ ಹೊಲಿಗೆ ಮಿಷಿನ್ನು, ಒಳಕೋಣೆಯಲ್ಲಿ ನನ್ನ ಲ್ಯಾಪ್‌ಟಾಪು. ಅಕ್ಕ ಬ್ಲೌಸು ಹೊಲಿಯುತ್ತಾಳೆ. ನಾನು ಒಂದು ಕಂಪನಿಯ ಗ್ರಾಹಕರು ಚಾಟ್‌ನಲ್ಲಿ ಬೈಯುವುದನ್ನೆಲ್ಲ ಓದಿ, ಕ್ಷಮೆ ಕೇಳಿ ಉತ್ತರ ಟೈಪು ಮಾಡುತ್ತೇನೆ. ಗ್ರಾಹಕರ ವಿವರ ಬೇರೆಯವರ ಕಣ್ಣಿಗೆ ಬೀಳಬಾರದು ಎಂಬುದು ಕಂಪನಿಯ ನಿಯಮ. ಅಕ್ಕನ ಬಳಿ ಅಳತೆ ಕೊಡಲು ದಿನವಿಡೀ ಹೆಂಗಸರು ಬರುತ್ತಾರೆ. ಹಾಗಾಗಿ ನಮ್ಮಿಬ್ಬರ ನಡುವೆ ಒಂದು ಗೋಡೆ, ಅರ್ಧ ಮುಚ್ಚಿದ ಒಂದು ಬಾಗಿಲು.

ಅಕ್ಕನದು ಕಾಲಲ್ಲಿ ತುಳಿಯುವ ಮಿಷಿನ್ನು. ಮೋಟರು ಹಾಕಿಸುತ್ತೇನೆ ಎಂದು ಅವಳು ಅಂದಾಗ ನಾನೇ ಬೇಡ ಅಂದಿದ್ದೆ. ಮೋಟರಾದರೆ ಅವಳಿಗೆ ಎಚ್ಚರ ತಪ್ಪಿದರೂ ಸೂಜಿ ಓಡುತ್ತಲೇ ಇರಬಹುದು, ಅದರ ಕೆಳಗೆ ಬೆರಳು ಸಿಕ್ಕಿದರೆ ಏನು ಗತಿ? ತುಳಿಯುವುದಾದರೆ ಕಾಲು ನಿಂತ ಕೂಡಲೇ ಎಲ್ಲ ನಿಲ್ಲುತ್ತದೆ. ಆ ಕಟಕಟ ಸದ್ದು ಕೇಳುತ್ತಿರುವಷ್ಟು ಹೊತ್ತು ಅಕ್ಕ ಚೆನ್ನಾಗಿದ್ದಾಳೆ ಎಂದು ನನಗೆ ಲೆಕ್ಕ. ನಿಂತರೆ ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸುತ್ತೇನೆ. ಹತ್ತಕ್ಕೆ ಮತ್ತೆ ಶುರುವಾಗದಿದ್ದರೆ ಎದ್ದು ಹೋಗಿ ನೋಡುತ್ತೇನೆ. ಎಷ್ಟೋ ಸಲ ಅವಳು ದಾರ ಪೋಣಿಸುತ್ತಿರುತ್ತಾಳೆ. ನನ್ನನ್ನು ನೋಡಿ, ಇನ್ನೂ ಹೋಗಿಲ್ಲ ಕಣೇ, ಇಲ್ಲೇ ಇದೀನಿ, ಎಂದು ನಗುತ್ತಾಳೆ. ಅವಳಿಗೆ ತಮಾಷೆ. ನನಗೆ ಮೈಯೆಲ್ಲ ಉರಿಯುತ್ತದೆ.

ಇಷ್ಟೆಲ್ಲ ಕಿವಿ ಇಟ್ಟುಕೊಂಡವಳ ಕೀಬೋರ್ಡು ಹೇಗಿತ್ತು ಎಂದರೆ, ಊರಿಗೆಲ್ಲ ಕೇಳುವಂಥದ್ದು. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಒಂದೊಂದು ಗುಂಡಿಯ ಕೆಳಗೂ ಒಂದೊಂದು ಸ್ವಿಚ್ಚು, ಸ್ಪ್ರಿಂಗು ಇರುತ್ತದೆ. ನನ್ನದರಲ್ಲಿ ಇದ್ದದ್ದು ನೀಲಿ ಸ್ವಿಚ್ಚು, ಒತ್ತಿದಾಗಲೆಲ್ಲ ಟಕ್ ಎನ್ನುವ ಜಾತಿ. ಕೆಲಸಕ್ಕೂ ಅದೇ, ಸಂಜೆ ಗೇಮ್ ಆಡಲಿಕ್ಕೂ ಅದೇ. ನನ್ನ ಕೈಯೂ ಜೋರು, ಬಾಯಿಯಷ್ಟೇ ಜೋರು. ಹಾಲಿನಲ್ಲಿ ಕೂತ ಹೆಂಗಸರು ಒಳಗೆ ಕಡಲೆಕಾಯಿ ಹುರಿಯುತ್ತಿದ್ದೀರಾ ಎಂದು ಕೇಳುತ್ತಿದ್ದರು. ನನ್ನ ತಂಗಿ ಯಾರ ಹತ್ತಿರವೋ ಜಗಳ ಆಡುತ್ತಿದ್ದಾಳೆ ಎಂದು ಅಕ್ಕ ಹೇಳುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಚಾಟ್ ಮೇಲೆ ಚಾಟ್ ಬಂದು ಪರದೆಯ ಮೂರು ಕಿಟಕಿಗಳಲ್ಲಿ ಒಟ್ಟಿಗೇ ಉತ್ತರಿಸುತ್ತಿದ್ದೆ. ಮಿಷಿನ್ನು ನಿಂತದ್ದು ನನ್ನ ಸದ್ದಿನಲ್ಲೇ ಮುಳುಗಿಹೋಯಿತು. ಹಾಲಿನಿಂದ ಯಾರೋ ಕಿರುಚಿದಾಗಲೇ ಗೊತ್ತಾದದ್ದು. ಅಕ್ಕ ಮಿಷಿನ್ನಿಗೂ ಗೋಡೆಗೂ ನಡುವೆ ಬಿದ್ದಿದ್ದಳು. ಬ್ಲೌಸು ತೆಗೆದುಕೊಂಡು ಹೋಗಲು ಬಂದಿದ್ದ ಹೆಂಗಸು ಅವಳ ಮುಷ್ಟಿಯೊಳಗೆ ಬೀಗದ ಕೈ ತುರುಕುತ್ತಿದ್ದಳು. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆ ಎಂದು ಇಲ್ಲಿ ಎಲ್ಲರಿಗೂ ನಂಬಿಕೆ. ನಾನು ಅದನ್ನು ಕಿತ್ತೆಸೆದು, ಡಾಕ್ಟರು ಹೇಳಿಕೊಟ್ಟಂತೆ ಅಕ್ಕನನ್ನು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡುತ್ತ ಕೂತೆ. ಆದರೆ ಎಷ್ಟು ಹೊತ್ತಿನಿಂದ ಬಿದ್ದಿದ್ದಾಳೆ ಎಂಬುದೇ ಗೊತ್ತಿರಲಿಲ್ಲ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ ಅಂದಿದ್ದರು ಡಾಕ್ಟರು. ಯಾವಾಗಿನಿಂದ ಎಣಿಸಲಿ?

ಅಕ್ಕ ತಾನಾಗಿಯೇ ಚೇತರಿಸಿಕೊಂಡಳು, ಆದರೆ ಅವತ್ತಿನಿಂದ ಆ ನೀಲಿ ಗುಂಡಿಗಳನ್ನು ಕಂಡರೆ ನನಗೆ ಭಯ. ಒಂದೊಂದು ಅಕ್ಷರ ಒತ್ತಿದಾಗಲೂ ಆ ಕ್ಷಣ ಅಕ್ಕ ಬೀಳುತ್ತಿದ್ದರೆ ಎನಿಸುತ್ತಿತ್ತು. ಒಂದು ವಾಕ್ಯ ಟೈಪು ಮಾಡುವುದು, ನಿಲ್ಲಿಸಿ ಕಿವಿಗೊಡುವುದು, ಮತ್ತೆ ಒಂದು ವಾಕ್ಯ. ಉತ್ತರ ತಡವಾಗುತ್ತಿದೆ ಎಂದು ಆಫೀಸಿನಿಂದ ಎರಡು ಸಲ ಎಚ್ಚರಿಕೆ ಬಂತು. ಕೆಲಸ ಹೋದರೆ ಅಕ್ಕನ ಮಾತ್ರೆಗೇನು ಮಾಡಲಿ ಎಂಬುದು ಇನ್ನೊಂದು ಭಯ.

ಹೊಸದು ಹುಡುಕಲು ಶುರುಮಾಡಿದೆ. ಮೂರು ಶರತ್ತು. ವೈರು ಇರಬಾರದು, ಯಾಕೆಂದರೆ ಹಿಂದೊಮ್ಮೆ ಅಕ್ಕ ನನ್ನ ಪಕ್ಕದಲ್ಲೇ ಬೀಳುವಾಗ ವೈರು ಕೈಗೆ ಸಿಕ್ಕಿ, ಕೀಬೋರ್ಡೇ ಬಂದು ಅವಳ ಹಣೆಗೆ ಬಡಿದಿತ್ತು. ಚಿಕ್ಕದಾಗಿರಬೇಕು, ಯಾಕೆಂದರೆ ಒಳಕೋಣೆಯ ನನ್ನ ಮೇಜಿನ ಅರ್ಧದಲ್ಲೇ ಅವಳು ಬಂದು ಬಟ್ಟೆ ಕತ್ತರಿಸುತ್ತಾಳೆ, ದೊಡ್ಡ ಕೀಬೋರ್ಡಿಟ್ಟರೆ ಕತ್ತರಿ ಅಂಚಿಗೆ ಸರಿಯುತ್ತದೆ. ಮೂರನೆಯದು, ಸದ್ದು. ಇಂಟರ್‌ನೆಟ್ಟಿನಲ್ಲಿ ಕೂತು ಕೀಬೋರ್ಡುಗಳ ವೀಡಿಯೋ ನೋಡಿದ್ದೇ ನೋಡಿದ್ದು. ಎಲ್ಲರೂ ಸದ್ದು ಎಷ್ಟು ಚೆನ್ನಾಗಿದೆ ಕೇಳಿ ಎಂದು ಮೈಕಿನ ಹತ್ತಿರ ಹಿಡಿಯುವವರೇ. ಸದ್ದೇ ಬೇಡ ಅನ್ನುವವಳಿಗೆ ಅವರ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ ಪಕ್ಕದ ಮನೆಯವರನ್ನು ಅಕ್ಕನ ಜೊತೆ ಕೂರಿಸಿ ಶಿವಾಜಿನಗರಕ್ಕೆ ಹೋದೆ. ಮೆಟ್ಟಿಲು ಹತ್ತಿ ಹೋಗುವ ಒಂದು ಪುಟ್ಟ ಅಂಗಡಿ. ಗಡ್ಡಕ್ಕೆ ಮೆಹಂದಿ ಹಾಕಿದ ಮಾಲೀಕರು ಫೋನಿನಲ್ಲಿ ದಖನಿ ಉರ್ದುವಿನಲ್ಲಿ ಮಾತಾಡುತ್ತಲೇ ನನ್ನ ಮುಂದೆ ಐದು ಬಗೆಯ ಸ್ವಿಚ್ಚುಗಳ ಹಲಗೆ ಇಟ್ಟರು. ಕೆಂಪು ಒತ್ತಿದೆ, ಕಂದು ಒತ್ತಿದೆ. ಕೆಂಪು ನಯವಾಗಿತ್ತು, ಗೇಮಿಗೆ ಹೇಳಿ ಮಾಡಿಸಿದ್ದು, ಆದರೂ ತಳ ಮುಟ್ಟಿದಾಗ ಟೊಕ್ ಅನ್ನುತ್ತಿತ್ತು. ಕೊನೆಯದನ್ನು ಒತ್ತಿದಾಗ ಬೆರಳು ಕೆಳಗೆ ಹೋದದ್ದು ಗೊತ್ತಾಯಿತು, ಕಿವಿಗೆ ಏನೂ ಬರಲಿಲ್ಲ. ಒಳಗೆ ರಬ್ಬರಿನ ಮೆತ್ತೆ ಇದೆಯಂತೆ. ಬ್ಲೂಟೂತ್ ಕೆಲಸಕ್ಕೆ ಸಾಕು, ಗೇಮ್ ಆಡುವಾಗ ಮಾತ್ರ ಲ್ಯಾಪ್‌ಟಾಪಿಗೆ ಈ ಪುಟ್ಟ ಯುಎಸ್‌ಬಿ ತುಂಡು ಚುಚ್ಚಿಕೊಳ್ಳಿ, ಇಲ್ಲದಿದ್ದರೆ ಒತ್ತಿದ್ದು ಆಟಕ್ಕೆ ತಲುಪುವುದು ತಡವಾಗುತ್ತದೆ ಎಂದು ವಿವರಿಸಿದರು. ಪಕ್ಕದ ನಂಬರುಗಳಿಲ್ಲ, ಬಾಣದ ಗುಂಡಿಗಳಿವೆ, ಉದ್ದ ಸುಮಾರು ಒಂದೂವರೆ ಗೇಣು. ಇಷ್ಟೊಂದು ಸುಮ್ಮನಿರುವುದು ಯಾಕೆ, ಮನೆಯಲ್ಲಿ ಮಗು ಇದೆಯಾ ಎಂದು ಕೇಳಿದರು. ಹೌದು ಎಂದೆ. ಐವತ್ತಕ್ಕೆ ಹತ್ತಿರವಾದ ನನ್ನಕ್ಕನನ್ನು ಮಗು ಅಂದುಬಿಟ್ಟೆ. ಫಿಟ್ಸ್ ಎಂದು ಹೇಳಲು ಯಾಕೋ ನಾಲಿಗೆ ಏಳಲಿಲ್ಲ. ಅವರು ಮಗುವಿಗೆ ಒಳ್ಳೆಯದಾಗಲಿ ಎಂದು ಹರಸಿ ಡಬ್ಬಿ ಕಟ್ಟಿಕೊಟ್ಟರು.

ಮನೆಗೆ ಬಂದು ಟೈಪು ಮಾಡಿ ತೋರಿಸಿದೆ. ಅಕ್ಕ ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಕೇಳಿದಳು.

“ಹಳೇದೇ ಚೆನ್ನಾಗಿತ್ತಲ್ಲ,” ಅಂದಳು.

ನಿನಗೇನು ಗೊತ್ತು ಇದರ ವಿಷಯ, ಸುಮ್ಮನಿರು ಎಂದು ಗದರಿದೆ. ಅವಳು ಎದ್ದು ಮಿಷಿನ್ನಿಗೆ ಮರಳಿದಳು. ಹಳೆಯದನ್ನು ಅಟ್ಟಕ್ಕೆ ಹಾಕಿದೆ.

ಎರಡು ದಿನ ಸ್ವರ್ಗ. ಬೆರಳು ಓಡುತ್ತಿದ್ದರೂ ಮನೆಯ ಎಲ್ಲ ಸದ್ದೂ ಕೇಳುತ್ತಿತ್ತು. ಮೇಲಿನ ಮನೆಯ ಮಿಕ್ಸಿ, ಬೀದಿಯ ಸೊಪ್ಪಿನವನು, ಅದೆಲ್ಲದರ ಕೆಳಗೆ ಕಟಕಟ ಕಟಕಟ. ಎಷ್ಟೋ ತಿಂಗಳ ಮೇಲೆ ಹೆಗಲು ಇಳಿಸಿ ಕೂತೆ.

ಮೂರನೆಯ ದಿನ ಶನಿವಾರ, ನನಗೆ ರಜೆ. ಊಟ ಮುಗಿಸಿ ಗೇಮಿಗೆ ಕೂತೆ. ನಾನಾಡುವುದು ಗುಂಡು ಹಾರಿಸುವ ಆಟ. ಅದರಲ್ಲಿ ಗೆಲ್ಲಬೇಕಾದರೆ ಕಣ್ಣಿಗಿಂತ ಕಿವಿ ಮುಖ್ಯ, ಎದುರಾಳಿಯ ಹೆಜ್ಜೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹಿಡಿಯಬೇಕು. ಎಡಗಿವಿಗೆ ಮಾತ್ರ ಹೆಡ್‌ಫೋನು, ಬಲಗಿವಿ ಅಕ್ಕನಿಗೆ, ಅದು ನನ್ನ ಕಟ್ಟುನಿಟ್ಟು. ಕೊನೆಯ ರೌಂಡು. ನಮ್ಮ ಕಡೆ ಉಳಿದವಳು ನಾನೊಬ್ಬಳೇ. ಮಿಷಿನ್ನು ನಿಂತಿತು. ನಿಂತದ್ದು ನನಗೆ ಕೇಳಿಸಿತು, ಇದನ್ನು ಮುಚ್ಚಿಡುವುದಿಲ್ಲ. ಎಣಿಸಲು ಶುರುಮಾಡಿದೆ. ಹತ್ತಾಯಿತು. ದಾರ ಪೋಣಿಸುತ್ತಿರಬೇಕು, ಈ ರೌಂಡ್ ಮುಗಿಸಿ ನೋಡೋಣ ಅಂದುಕೊಂಡೆ. ಬಿದ್ದಿದ್ದರೆ ಸದ್ದು ಬರುತ್ತಿತ್ತಲ್ಲ ಎಂದು ಸಮಾಧಾನವನ್ನೂ ಹೇಳಿಕೊಂಡೆ. ಆಟದಲ್ಲಿ ಯಾರೋ ಎಡಗಡೆಯಿಂದ ನಡೆದುಬರುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಅವನನ್ನು ಹೊಡೆದೆ, ಗೆದ್ದೆ, ಎದ್ದು ಹಾಲಿಗೆ ಬಂದೆ.

ಮಿಷಿನ್ನಿನ ಮುಂದೆ ಯಾರೂ ಇರಲಿಲ್ಲ. ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ಅವಳ ಚಪ್ಪಲಿ ಅಲ್ಲೇ ಇತ್ತು. ಬಾಗಿಲು ತೆರೆದಿತ್ತು.

ಬಚ್ಚಲಿನಲ್ಲಿಲ್ಲ, ಅಡುಗೆಮನೆಯಲ್ಲಿಲ್ಲ. ಅಕ್ಕನಿಗೆ ಕೆಲವು ಸಲ ಬೀಳದೆಯೂ ಬರುತ್ತದೆ. ಕೂತಲ್ಲೇ ಕಣ್ಣು ನೆಟ್ಟುಬಿಡುತ್ತಾಳೆ, ಆಮೇಲೆ ಕೆಲವೊಮ್ಮೆ ಅರ್ಧ ಗಂಟೆ ದಾಟಿದರೂ ಎಲ್ಲಿದ್ದೇನೆ, ಯಾವ ಕಾಲದಲ್ಲಿದ್ದೇನೆ ಎಂಬ ಅರಿವಿರುವುದಿಲ್ಲ. ಎದ್ದು ಓಡಾಡುತ್ತಾಳೆ, ಕೇಳಿದರೆ ಉತ್ತರವನ್ನೂ ಕೊಡುತ್ತಾಳೆ, ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಇದುವರೆಗೆ ಒಮ್ಮೆಯೂ ಹೊಸ್ತಿಲು ದಾಟಿರಲಿಲ್ಲ.

ಬೀದಿಗೆ ಬಂದವಳು ಮೊದಲು ತಿರುಗಿದ್ದು ಬಡಾವಣೆಯ ಅಂಚಿನ ರೈಲ್ವೆ ಹಳಿಯ ಕಡೆಗೆ. ಯಾಕೆ ಎಂದರೆ ಹೇಳಲಾರೆ, ಕೆಟ್ಟದ್ದೇ ಮೊದಲು ಹೊಳೆಯುವ ತಲೆ ನನ್ನದು. ಅಷ್ಟು ದೂರ ಓಡಿ, ಯಾರೂ ಇಲ್ಲದ್ದನ್ನು ನೋಡಿ, ವಾಪಸು ಓಡಿಬಂದೆ. ಮೂಲೆಯ ದಿನಸಿ ಅಂಗಡಿಯವರು ನನ್ನನ್ನು ಕಂಡು, ನಿಮ್ಮಕ್ಕ ಆಗಲೇ ಮೇನ್ ರೋಡ್ ಕಡೆ ಹೋದರಲ್ಲ, ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿಗೆ ಹೋಗಿಬರುತ್ತೇನೆ ಅಂದರು, ಬರಿಗಾಲಲ್ಲಿ ಯಾಕೆ ಅಂತ ನನಗೂ ಅನಿಸಿತು ಎಂದರು. ಅವರ ಮೇಲೆ ರೇಗಿದೆ. ಅನಿಸಿದ್ದರೆ ತಡೆಯಬೇಕಿತ್ತು ತಾನೆ? ಎರಡು ನಿಮಿಷ ಎದ್ದು ಬರಲಾರದವಳು ನಾನು, ಕೂಗಾಡಿದ್ದು ಅವರ ಮೇಲೆ.

ಆಟೋ ಸಿಕ್ಕಿತು. ಟಿನ್ ಫ್ಯಾಕ್ಟರಿ ಹತ್ತಿರವಾದಂತೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅಲ್ಲೇ ಇಳಿದು ಓಡಿದೆ. ರಿಂಗ್ ರೋಡಿನಿಂದ ಬರುವ ಬಸ್ಸು, ಲಾರಿ, ಮೆಟ್ರೋ ಕೆಲಸದ ತಗಡಿನ ಬೇಲಿ, ಬೇಲಿಗೂ ಬಸ್ಸಿಗೂ ನಡುವೆ ಜೀವ ಕೈಯಲ್ಲಿ ಹಿಡಿದುಕೊಂಡು ನುಸುಳುವ ಜನ. ತಿಳಿವು ನೆಟ್ಟಗಿರುವ ನನಗೇ ಅಲ್ಲಿ ರಸ್ತೆ ದಾಟಲು ಭಯ. ಎಲ್ಲಾದರೂ ಜನ ಗುಂಪು ಕಟ್ಟಿದ್ದಾರಾ ಎಂದು ನೋಡಿದೆ. ಒಂದು ಕಡೆ ಗುಂಪಿತ್ತು. ಹತ್ತಿರ ಹೋದರೆ ಹೊಸಕೋಟೆ ಬಸ್ಸು ಹತ್ತುವವರು.

ಅವರ ಹಿಂದೆ, ಕಟ್ಟೆಯ ಮೇಲೆ ಅಕ್ಕ ಕೂತಿದ್ದಳು. ಕೊರಳಲ್ಲಿ ಅಳತೆಯ ಟೇಪು, ಕಾಲು ಧೂಳಾಗಿ ಒಂದು ಹೆಬ್ಬೆರಳಿನಿಂದ ರಕ್ತ. ಬಂದು ನಿಂತ ಪ್ರತಿ ಬಸ್ಸಿನಿಂದ ಇಳಿಯುವವರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದಳು. ನಾನು ಆಫೀಸಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಸಂಜೆ ಅವಳು ಇದೇ ಕಟ್ಟೆಯ ಮೇಲೆ ಕೂತು ನನಗಾಗಿ ಕಾಯುತ್ತಿದ್ದಳು. ಇಬ್ಬರೂ ತರಕಾರಿ ಕೊಂಡು ನಡೆದು ಮನೆಗೆ ಹೋಗುತ್ತಿದ್ದೆವು.

ಎದುರು ಹೋಗಿ ನಿಂತೆ. ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು. ಯಾಕೆ ಬಂದೆ ಎಂದಷ್ಟೇ ಕೇಳಿದೆ. ಅವಳ ಕಣ್ಣು ನಿಧಾನವಾಗಿ ನನ್ನ ಮೇಲೆ ನಿಂತಿತು.

“ಟಕಟಕ ಕೇಳಿಸ್ಲಿಲ್ಲ ಕಣೇ. ಯಾವಾಗ್ಲೂ ತಲೆ ಮಂಕಾದಾಗ ಅದು ಕೇಳ್ಸುತ್ತೆ, ನೀನು ಒಳಗಿದೀಯ ಅಂತ ಗೊತ್ತಾಗುತ್ತೆ. ಇವತ್ತು ಮನೆಯೆಲ್ಲ ಸುಮ್ನಿತ್ತು. ನೀನಿನ್ನೂ ಆಫೀಸಿಂದ ಬಂದಿಲ್ಲ ಅಂದ್ಕೊಂಡು ಕರ್ಕೊಂಡು ಹೋಗೋಕೆ ಬಂದೆ.”

ಇಷ್ಟು ವರ್ಷ ನಾನೊಬ್ಬಳೇ ಕಿವಿಗೊಟ್ಟು ಕೂತಿದ್ದೇನೆ ಅಂದುಕೊಂಡಿದ್ದೆ.

ನನ್ನ ಚಪ್ಪಲಿ ಅವಳ ಕಾಲಿಗೆ ಹಾಕಿ, ಕೈ ಬಿಡದೆ ಮನೆಗೆ ಕರೆತಂದೆ. ದಾರಿಯಲ್ಲಿ ಅವಳಿಗೆ ಪೂರ್ತಿ ತಿಳಿವು ಬಂತು. ಬರಿಗಾಲಲ್ಲಿ ರಸ್ತೆ ದಾಟಿದ್ದು ಕೇಳಿ ಅವಳೂ ಹೆದರಿದಳು. ಇನ್ನು ಮೇಲೆ ಬಾಗಿಲಿಗೆ ಮೇಲಿನ ಚಿಲಕ ಹಾಕುತ್ತೇನೆ ಎಂದೆ. ಒಳಗಿಟ್ಟು ಚಿಲಕ ಹಾಕುವುದಾದರೆ ನಾನು ಹೊಲಿಯುವುದೇ ಇಲ್ಲ ಎಂದು ಅವಳು ಹಟ ಹಿಡಿದಳು. ಆ ಜಗಳ ಇನ್ನೂ ಮುಗಿದಿಲ್ಲ.

ಅವತ್ತೇ ಸ್ಟೂಲು ಹಾಕಿಕೊಂಡು ಅಟ್ಟದಿಂದ ಹಳೆಯದನ್ನು ಇಳಿಸಿದೆ. ಮೇಜಿನ ಮಟ್ಟದಲ್ಲಿ ಗೋಡೆಗೆ ಮೊಳೆ ಹೊಡೆದು ವೈರನ್ನು ಬಿಗಿದೆ. ಕತ್ತರಿಗೆ ಬೇರೆ ಡಬ್ಬಿ ಇಟ್ಟೆ. ಸದ್ದಿಲ್ಲದ ಕೀಬೋರ್ಡು ಈಗ ಅಟ್ಟದಲ್ಲಿದೆ. ಮಾರಿಬಿಡೋಣ ಅಂದುಕೊಳ್ಳುತ್ತೇನೆ, ಮಾರುವುದಿಲ್ಲ.

ಭಯ ಹೋಗಿಲ್ಲ. ನೀಲಿ ಗುಂಡಿಗಳ ಗದ್ದಲದಲ್ಲಿ ಮಿಷಿನ್ನು ನಿಂತದ್ದು ಇವತ್ತೂ ಕೇಳದೆ ಹೋಗಬಹುದು. ಅದಕ್ಕೇ ಆಗಾಗ ಕೈ ಎತ್ತಿ ಕಿವಿಗೊಡುತ್ತೇನೆ. ಆದರೆ ನಾನು ನಿಲ್ಲಿಸಿದ ಕೂಡಲೇ ಅಕ್ಕನ ಮಿಷಿನ್ನೂ ನಿಲ್ಲುತ್ತದೆ. ಗೋಡೆಯ ಆಚೆ ಅವಳು, ಈಚೆ ನಾನು, ಇಬ್ಬರೂ ಉಸಿರು ಬಿಗಿಹಿಡಿದು ಕೂತಿರುತ್ತೇವೆ. ನನಗೆ ಹತ್ತರವರೆಗೆ ಎಣಿಸುವ ಧೈರ್ಯ ಈಗಿಲ್ಲ. ಮೂರಕ್ಕೇ, ಬರೆಯಲು ಏನೂ ಇಲ್ಲದಿದ್ದರೂ, ಉದ್ದದ ಸ್ಪೇಸ್ ಗುಂಡಿಯನ್ನು ಟಕಟಕ ಎಂದು ಒತ್ತುತ್ತೇನೆ, ಆಚೆಯಿಂದ ಕಟಕಟ ಶುರುವಾಗುವವರೆಗೆ.