ದನಿ ಹೆಂಡತಿಯದು, ಡಿಸ್ಕು ಇವರದು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಒಬ್ಬರು ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಮೇಜಿನ ಕೆಳಗೆ ತೂರಿ, ಹಳೆಯ ಕಂಪ್ಯೂಟರಿನ ಹೊಟ್ಟೆಗೆ ಕೈ ಹಾಕಿದ್ದಾರೆ. ಡಿಸ್ಕು ಬರೆಯುವ ಸಿ.ಡಿ. ಬರ್ನರ್ ಮತ್ತೆ ಮುನಿಸಿಕೊಂಡಿದೆ. ಆಗಲೇ ಮೂರು ಡಿಸ್ಕುಗಳು ಅರ್ಧಕ್ಕೇ ನಿಂತು ಕಸದ ಬುಟ್ಟಿ ಸೇರಿವೆ.

"ಡ್ರೈವರಣ್ಣನಿಗೆ ಕೊಡ್ಬೇಕು. ಒಂಬತ್ತಕ್ಕೆ ಹೃದಯದ ಆಪರೇಷನ್‌ಗೆ ಹೊರಡ್ತಿದ್ದಾರೆ. ಕಾದಂಬರಿ ಕೊನೆ ಕೇಳದೆ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ ಅಂತ ಹಟ," ಎನ್ನುತ್ತಾರೆ ಟಾರ್ಚು ತೆಗೆದು. ಮೇಜಿನಡಿಯಿಂದ ನಮ್ಮತ್ತ ಕತ್ತು ಚಾಚಿ, "ಅವರ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ?"

ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಡಿಸ್ಕಿಗಿಳಿಸುವ ವಿಭಾಗ ಇದು. ಓದುವವರು ಇವರ ಹೆಂಡತಿ, ಡಿಸ್ಕು ಬರೆಯುವವರು ಇವರು. ನಿವೃತ್ತಿಯ ನಂತರ ಕಣ್ಣು ಕಳೆದುಕೊಂಡ ಬಸ್ ಡ್ರೈವರಣ್ಣನೂ ಸೇರಿ ಊರೆಲ್ಲ ಆಕೆಯ ದನಿಗೆ ಅಭಿಮಾನಿಗಳು. ಫೋನು, ಹೂವು, ಹಾರೈಕೆ ಎಲ್ಲ ಆಕೆಗೇ. ಇವರನ್ನು ಕೇಳಿಕೊಂಡು ಫೋನು ಬರುವುದು ಡಿಸ್ಕು ಕೈಕೊಟ್ಟಾಗ ಮಾತ್ರ.

"ಅದು ಹೋಗ್ಲಿ ಬಿಡಿ. ನನ್ನ ಸಂಕಟಾನೇ ಬೇರೆ. ಊರವರಿಗೆಲ್ಲ ಓದಿ ಓದಿ ಗಂಟಲು ಸವೆಸ್ಕೊಂಡು ಮನೆಗೆ ಬರ್ತಾಳೆ. ನನಗೆ ಸಿಗೋದು ಬರೀ ಕೈಸನ್ನೆ! ಹೀಗಂದ್ರೆ ಉಪ್ಪು, ಹಾಗಂದ್ರೆ ಫ್ಯಾನು. ಹೊಟ್ಟೆ ಉರಿಯಲ್ವಾ, ನೀವೇ ಹೇಳಿ."

"ಇವರಿಗೆ ಹಣ್ಣು ಹಣ್ಣು ಮುದುಕರ ಮೇಲೂ ಅಸೂಯೆ ಕಣ್ರೀ," ಎಂದು ಪಕ್ಕದ ಗಾಜಿನ ಕೋಣೆಯಿಂದ ಹೆಂಡತಿ ನಗುತ್ತಾರೆ.

ಹೊಸ ಬರ್ನರ್ ತರಬಹುದಲ್ಲ ಎಂದರೆ ಇವರು ಒಪ್ಪುವುದಿಲ್ಲ. ಕೇಳುಗರ ಮನೆಗಳಲ್ಲಿರುವುದು ಬೆರಳಿಗೆ ಸಿಗುವ ದಪ್ಪ ಗುಂಡಿಗಳ ಹಳೆಯ ಪ್ಲೇಯರುಗಳು. ಹೊಸದು ಆತುರಾತುರವಾಗಿ ಬರೆದ ಡಿಸ್ಕು ಅವುಗಳಲ್ಲಿ ತೊದಲುತ್ತದೆ. ಈ ಮುದುಕ ಬರ್ನರ್ ನಿಧಾನವಾಗಿ ಬರೆದದ್ದು ಸಲೀಸಾಗಿ ಓಡುತ್ತದೆ.

ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಲಿನಕ್ಸ್. ಪರದೆಯ ಸಾಲುಗಳ ಮೇಲೆ ಬೆರಳಿಟ್ಟು ಓದುತ್ತಾ ಹೋದವರು ಒಂದು ಕಡೆ ನಿಲ್ಲುತ್ತಾರೆ. ಡಿಎಂಎ ಎಂಬ ಸೆಟ್ಟಿಂಗ್ ಆಫ್ ಆಗಿದೆ. ಅದು ಆನ್ ಇದ್ದರೆ ಬರ್ನರಿಗೆ ಮಾಹಿತಿ ಸರಾಗ ಹರಿಯುತ್ತದೆ, ಇಲ್ಲವಾದರೆ ಕುಂಟುತ್ತದೆ, ಡಿಸ್ಕು ಕೆಡುತ್ತದೆ.

"ನಿನ್ನೆನೂ ಆನ್ ಮಾಡಿದ್ದೆ. ತಾನಾಗೇ ಆಫ್ ಆಗ್ತಿದೆ ಅಂದ್ರೆ ತಪ್ಪು ಸೆಟ್ಟಿಂಗ್‌ದಲ್ಲ, ಕೇಬಲ್‌ದು. ಮಾಹಿತಿ ಕೆಟ್ಟು ಬರ್ತಿದೆ ಅಂತ ಲಿನಕ್ಸೇ ಹೆದರ್ಕೊಂಡು ನಿಲ್ಲಿಸ್ತಿದೆ. ಅಯ್ಯೋ, ನಿನ್ನೆನೇ ಹೊಳೀಬಾರದಿತ್ತಾ!"

ಮಡಿಸಿದ ಕಡೆ ಸವೆದ ಕೇಬಲನ್ನು ಕಿತ್ತು ಬೇರೆಯದನ್ನು ಸಿಕ್ಕಿಸುತ್ತಾರೆ. ಡಿಎಂಎ ಆನ್ ಮಾಡಿ, ಬರೆಯುವ ವೇಗ ತಗ್ಗಿಸುತ್ತಾರೆ. ಬರ್ನರ್ ಗುಂಯ್ ಎನ್ನುತ್ತದೆ. ಇವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಈ ಸಲ ಅದು ನಡುವೆ ನಿಲ್ಲುವುದಿಲ್ಲ.

ಇನ್ನೂ ಬೆಚ್ಚಗಿರುವ ಡಿಸ್ಕಿಗೆ ಪರೀಕ್ಷೆ. ಮೊದಲ ನಿಮಿಷ, ಕೊನೆಯ ನಿಮಿಷ ಇವರು ಕೇಳುತ್ತಾರೆ. ನಡುವಿನದ್ದನ್ನು ಮೂಲದೊಂದಿಗೆ ಹೋಲಿಸಿ ನೋಡುವುದು ಲಿನಕ್ಸ್. ಪೂರ್ತಿ ಕೇಳುತ್ತಾ ಕೂತರೆ ಉಳಿದ ಡಿಸ್ಕು ಬರೆಯುವವರು ಯಾರು?

ಬಾಗಿಲಲ್ಲಿ ಕಾರು ನಿಲ್ಲುತ್ತದೆ. ಡ್ರೈವರಣ್ಣ ಕಿಟಕಿಯಿಂದ ಕೈ ಚಾಚಿ ಡಿಸ್ಕು ಪಡೆದು ಎದೆಗೊತ್ತಿಕೊಳ್ಳುತ್ತಾರೆ. "ನಿಮ್ಮ ಮನೆಯವರಿಗೆ ಹೇಳ್ರಪ್ಪಾ, ಅವರ ದನಿ ಕೇಳ್ಕೊಂಡೇ ಒಳಗೆ ಹೋಗ್ತೀನಿ."

"ಹೇಳ್ತೀನಣ್ಣ. ಬೇಗ ಗುಣವಾಗಿ ಬನ್ನಿ," ಎನ್ನುತ್ತಾ ಇವರು ಅವರ ಕೈ ಒತ್ತುತ್ತಾರೆ. ಕಾರು ಮರೆಯಾದದ್ದೇ ಮುಖ ಮತ್ತೆ ಗಂಟು.

"ನೋಡಿದ್ರಾ? ಎಷ್ಟೋ ಕತೆಗಳ ಶುರು ನನಗೆ ಗೊತ್ತು, ಕೊನೆ ಗೊತ್ತು. ಶುರುವಲ್ಲಿ ಜಗಳ ಆಡಿದ ಗಂಡ ಹೆಂಡ್ತಿ ಕೊನೇಲಿ ಕೈ ಕೈ ಹಿಡ್ಕೊಂಡಿರ್ತಾರೆ. ಮಧ್ಯ ಏನಾಯ್ತು? ಅದು ಡ್ರೈವರಣ್ಣನಿಗೆ ಗೊತ್ತು, ನನಗಿಲ್ಲ! ಒಂದೇ ಒಂದು ಕತೆ ಅವಳು ನನ್ನೆದುರಿಗೆ ಕೂತು ಪೂರ್ತಿ ಓದ್ಬೇಕು. ಅದೂ ಮೈಕು ಆಫ್ ಮಾಡ್ಕೊಂಡು."