ಕಿರೇಬಾವಿಯ ಪುಟದಲ್ಲಿ ಇಲ್ಲದ ಹೆಸರು

ಗದಗ ಹೊಸ ಜಿಲ್ಲೆಯಾಗಿ ಎಷ್ಟೋ ವರ್ಷ ಕಳೆದರೂ ಅಂತರಜಾಲದ ವಿಶ್ವಕೋಶದಲ್ಲಿ ಮುಂಡರಗಿ ಸೀಮೆಯ ಕೆಲವು ಹಳ್ಳಿಗಳು ಇನ್ನೂ ಧಾರವಾಡ ಜಿಲ್ಲೆಯಲ್ಲೇ ಉಳಿದುಕೊಂಡಿದ್ದವು. ಅವನ್ನು ಅಲ್ಲಿಂದ ಬಿಡಿಸಿ ತಂದವನು ಮೌನೇಶ. ಗದಗಿನಲ್ಲಿ ಮಹಬೂಬಸಾಬರ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗಳ ಅಕ್ಷರ ಜೋಡಿಸುವ ಈ ಮನುಷ್ಯ, ಲಗ್ನದ ಹಂಗಾಮು ಮುಗಿದು ಕೈಗೆ ಕೆಲಸವಿಲ್ಲದ ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕುಳಿತಾಗ ಈ ಅನ್ಯಾಯವನ್ನು ಕಂಡ. ಪುಟದ ನೆತ್ತಿಯ ಮೇಲೆ ‘ಸಂಪಾದಿಸಿ’ ಎಂಬ ಗುಂಡಿ ಇರುವುದನ್ನೂ ಕಂಡ; ಒತ್ತಿದ. ತಹಶೀಲ್ದಾರರ ಸಹಿಯಿಲ್ಲದೆ, ಮಂತ್ರಿಗಳ ಸಭೆಯಿಲ್ಲದೆ, ಕಪ್ಪಿನೊಳಗಿನ ಚಹಾ ಆರುವುದರೊಳಗೆ ಡಂಬಳದ ಸುತ್ತಲಿನ ಊರುಗಳು ಒಂದೊಂದಾಗಿ ಜಿಲ್ಲೆ ಬದಲಿಸಿದವು. ಭೂಮಿಯ ಮೇಲೆ ಅಂಗೈಯಗಲ ಹೊಲವಿಲ್ಲದ ಮೌನೇಶನಿಗೆ ಅಂದು ಬಂದ ನಿದ್ದೆ ಸಾಮ್ರಾಟರ ನಿದ್ದೆ.

ಅಲ್ಲಿಗೆ ಅವನು ನಿಲ್ಲಲಿಲ್ಲ. ಮೂತ್ರಪಿಂಡ, ಶನಿಗ್ರಹದ ಉಂಗುರ, ಮಂಗೋಲಿಯದ ಕುದುರೆ, ಉಗಿಯಂತ್ರ, ಕಣಗಿನಹಾಳದ ಸಹಕಾರ ಸಂಘ—ಇವೆಲ್ಲದರ ಮೇಲೂ ಅವನ ಕೈಯಾಡಿತು. ತಿಳಿದಿರುವ ವಿಷಯವನ್ನಷ್ಟೇ ತಿದ್ದಬೇಕೆಂಬ ನಿಯಮ ಆ ಕೋಶದಲ್ಲಿ ಇರಲಿಲ್ಲ. ಇದ್ದಿದ್ದರೆ ಕೋಶವೂ ಇರುತ್ತಿರಲಿಲ್ಲ. ಅಲ್ಲಿದ್ದ ನಿಯಮ ಬೇರೆ: ಬರೆದ ಪ್ರತಿ ಮಾತಿಗೂ ಅಚ್ಚಾದ ಆಧಾರ ಬೇಕು. ಮೌನೇಶ ಈ ನಿಯಮವನ್ನು ದೀಕ್ಷೆಯಂತೆ ತೆಗೆದುಕೊಂಡ. ಪೆಂಗ್ವಿನ್ ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ಕಾವು ಕೊಡುತ್ತದೆ ಎಂಬ ವಾಕ್ಯಕ್ಕೆ ಯಾರೂ ಆಧಾರ ಕೊಟ್ಟಿಲ್ಲವೆಂದು ಒಮ್ಮೆ ಊಟವನ್ನೇ ಬಿಟ್ಟಿದ್ದ. ಮಗನ ಹೊಟ್ಟೆನೋವಿಗೆ ಅತ್ತೆ ಕಸ್ತೂರೆವ್ವ ಅಜವಾನದ ನೀರು ಕುದಿಸಿದಾಗಲೂ ಅವನ ಬಾಯಿ ಸುಮ್ಮನಿರಲಿಲ್ಲ.

“ಇದಕ್ಕ ಆಧಾರ ಏನೈತ್ರಿ ಅತ್ತಿ?”

“ನಿಮ್ಮ ಹೇಣ್ತಿಗೆ ಸಣ್ಣಾಕಿದ್ದಾಗ ಇದ ಕುಡಿಸೇನಿ. ಆಕಿ ಬದುಕ್ಯಾಳಲ್ರಿ, ಅದ ಆಧಾರ.”

ಇಂತಹ ಮೌನೇಶ ಒಂದು ದಿನ ಹೆಂಡತಿ ಶಿವರಂಜನಿಯ ಮೇಲಿನ ಪ್ರೀತಿಯಿಂದ ಅವಳ ತವರೂರಿಗೆ ಒಂದು ಪುಟ ತೆರೆದ. ಕಿರೇಬಾವಿ, ಕೊರ್ಲಹಳ್ಳಿಯ ಆಚೆ ತುಂಗಭದ್ರೆಯ ದಂಡೆಯ ಸಣ್ಣ ಊರು. ಜೋಳ, ಶೇಂಗಾ ಬೆಳೆಯುತ್ತಾರೆ. ಒಂದು ಹಳೆಯ ಬಾವಿಯಿದೆ. ಆ ಬಾವಿಯಲ್ಲಿ ಬಹುಕಾಲದಿಂದ ಒಂದು ಆಮೆ ವಾಸವಾಗಿದೆ. ಆಮೆಯ ಸಂಗತಿ ಹಿಂದೊಮ್ಮೆ ಪತ್ರಿಕೆಯಲ್ಲಿ ಬಂದಿದ್ದರಿಂದ ಅದಕ್ಕೆ ಆಧಾರವೂ ದೊರೆಯಿತು. ಶಿವರಂಜನಿ ಹಿಗ್ಗಿ ತವರಿಗೆ ಫೋನು ಮಾಡಿದಳು. ತೊಂದರೆ ಶುರುವಾದದ್ದು ಅಲ್ಲಿಂದ.

ಈ ಸೀಮೆಯಲ್ಲಿ ಅಚ್ಚಿನ ಹಾಳೆಯನ್ನು ಜನ ಓದುವ ರೀತಿಯೇ ಬೇರೆ. ಲಗ್ನಪತ್ರಿಕೆ ಕೈಗೆ ಬಂದರೆ ಯಾರೂ ವಧೂವರರ ಹೆಸರು ನೋಡುವುದಿಲ್ಲ. ನೋಡುವುದು ಕೆಳಗಿನ ‘ಸುಖಾಗಮನ ಬಯಸುವವರು’ ಪಟ್ಟಿಯನ್ನು. ತಮ್ಮ ಹೆಸರು ಇದೆಯೇ, ಯಾರ ಮೇಲಿದೆ, ಯಾರ ಕೆಳಗಿದೆ ಎಂದು. ಶಿರಹಟ್ಟಿಯ ಒಂದು ಮನೆತನದಲ್ಲಿ ಕಾಕಾನ ಹೆಸರು ಬಿಟ್ಟುಹೋಗಿ ಆಸ್ತಿ ಪಾಲಾಗಿತ್ತು. ಲಕ್ಷ್ಮೇಶ್ವರದ ಒಬ್ಬ ವ್ಯಾಪಾರಿ ಎಲ್ಲರನ್ನೂ ತೃಪ್ತಿಪಡಿಸಲು ಹೋಗಿ ಬಿಚ್ಚಿದರೆ ಕಂಬಳಿಯಷ್ಟಾಗುವ ಪತ್ರಿಕೆ ಮಾಡಿಸಿದ್ದ. ಇವೆಲ್ಲವನ್ನೂ ಸ್ವತಃ ಜೋಡಿಸಿದ ಮೌನೇಶನಿಗೆ ತನ್ನ ಪುಟವನ್ನೂ ಊರು ಹೀಗೆಯೇ ಓದೀತೆಂದು ಹೊಳೆಯಲಿಲ್ಲ. ಓದಿತು. ಶಿವರಂಜನಿಯ ಅಣ್ಣ, ಮಾಜಿ ಪಂಚಾಯಿತಿ ಅಧ್ಯಕ್ಷ, ತಂದೆಯಿಲ್ಲದ ತಂಗಿಯನ್ನು ಬೆಳೆಸಿ ಲಗ್ನ ಮಾಡಿಕೊಟ್ಟ ಪುಂಡಲೀಕಪ್ಪ ಫೋನನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲಕ್ಕೆ ಸರಿಸಿ ನೋಡಿದ. ಊರಿತ್ತು, ಅವನಿರಲಿಲ್ಲ.

ಮೌನೇಶನ ಮಗ ಮುದಕಪ್ಪನಿಗೆ ಅದೇ ತಿಂಗಳು ಜವಳ ತೆಗೆಯಬೇಕಾಗಿತ್ತು. ಅಜ್ಜನ ಹೆಸರು ಹೊತ್ತ ಆ ಮೂರು ವರ್ಷದ ಕೂಸಿನ ಹುಟ್ಟುಗೂದಲು ಮೂಗಿನವರೆಗೆ ಇಳಿದಿತ್ತು. ನಡೆದಾಡುತ್ತ ಬಾಗಿಲಿಗೆ, ಕಂಬಕ್ಕೆ, ಒಮ್ಮೆ ಮಲಗಿದ್ದ ಎಮ್ಮೆಗೆ ಹಾಯ್ದಿದ್ದ. ಆದರೆ ಸೋದರಮಾವ ತೊಡೆಯ ಮೇಲೆ ಕೂಡ್ರಿಸಿಕೊಂಡು ಮೊದಲ ಎಳೆ ಕತ್ತರಿಸದ ಹೊರತು ಆ ತಲೆಗೆ ಬೇರೆ ಯಾರ ಕತ್ತರಿಯೂ ತಾಗುವಂತಿಲ್ಲ. ಸೋದರಮಾವನೆಂದರೆ ಪುಂಡಲೀಕಪ್ಪ. ಮೌನೇಶ ಕರೆಯಲು ಕಿರೇಬಾವಿಗೆ ಹೋದ.

“ಬರ್ರಿ ಮೌನೇಶಪ್ಪನವರ, ಕುಂಡ್ರಿ,” ಎಂದ ಪುಂಡಲೀಕಪ್ಪ. ಇಲ್ಲದ ಮರ್ಯಾದೆಯೆಲ್ಲ ಒಮ್ಮೆಲೇ ಬಂದಾಗಲೇ ಏನೋ ಕೆಟ್ಟಿದೆಯೆಂದು ಮೌನೇಶನಿಗೆ ಗೊತ್ತಾಯಿತು. “ಊರ ಬಗ್ಗೆ ಛಲೋ ಬರದೀರಿ. ಬಾವಿ ಐತಿ, ಬಾವ್ಯಾಗ ಆಮಿ ಐತಿ. ಅಲ್ಲಾ, ನಿಮಗ ಹೆಣ್ಣ ಕೊಟ್ಟಿದ್ದು ಆ ಆಮಿ ಏನ್ರಿ?”

“ಹಂಗಲ್ರಿ ಭಾವಾರ. ಆಮಿ ಬಗ್ಗೆ ಪೇಪರಿನ್ಯಾಗ ಬಂದಿತ್ತು. ಅದಕ್ಕ ಆಧಾರ ಐತ್ರಿ. ನಿಮ್ಮ ಬಗ್ಗೆ...”

“ನನ್ನ ಬಗ್ಗೆ?”

“ಇಲ್ರಿ.”

ಪಕ್ಕದಲ್ಲಿ ಎಲೆಯಡಿಕೆ ಹಾಕುತ್ತಿದ್ದ ಪುಂಡಲೀಕಪ್ಪನ ಗೆಳೆಯ ಯಂಕಪ್ಪ ಪರಿಹಾರ ಸೂಚಿಸಿದ: “ನೀನೂ ಬಾವ್ಯಾಗ ಬೀಳಲೇ ಪುಂಡಲೀಕಾ. ನಾಳಿ ಪೇಪರಿನ್ಯಾಗ ಬರ್ತಿ.”

“ನಾ ಅಧ್ಯಕ್ಷ ಇದ್ದಾಗ ನಳಾ ತಂದೆ. ಬಸ್ ತಂದೆ. ಆ ಆಮಿ ಏನ್ ತಂದೈತಿ ಊರಿಗೆ?” ಪುಂಡಲೀಕಪ್ಪ ಎದ್ದು ನಿಂತ. “ಕತ್ರಿ ಹಿಡ್ಯಾಕ ಅದನ್ನ ಕರಕೊಂಡ ಹೋಗ್ರಿ. ಕೈ ಬರತಾವೇನೋ ನೋಡ್ರಿ.”

ಗದಗಿನ ಪಕ್ಕದ ಬೆಟಗೇರಿಯ ತನ್ನ ಮನೆಗೆ ಮೌನೇಶ ಬರಿಗೈಯಲ್ಲಿ ಮರಳಿದ. ಶಿವರಂಜನಿ ಕೂಗಾಡಲಿಲ್ಲ, ಮಗನ ಕೂದಲನ್ನು ಕೆಂಪು ರಿಬ್ಬನ್ನಿನಿಂದ ಮೇಲಕ್ಕೆತ್ತಿ ಕಟ್ಟಿದಳು. ಮರುದಿನದಿಂದ ಓಣಿಯಲ್ಲಿ ಹೊಸದಾಗಿ ಬಂದವರೆಲ್ಲ “ಹೆಣ್ಣ ಕೂಸೇನ್ರಿ?” ಎಂದು ಕೇಳತೊಡಗಿದರು.

“ಒಂದ ಸಾಲು,” ಎಂದಳು ಅವಳು ಕೊನೆಗೆ. “ಪೆಂಗ್ವಿನ್ ತತ್ತಿ ಸಲುವಾಗಿ ಊಟಾ ಬಿಟ್ಟವರು ನೀವು. ಹೆತ್ತ ಮಗನ ಕಣ್ಣಿಗೆ ಬೆಳಕ ಬೀಳಲಿ ಅಂತ ಒಂದ ಸಾಲ ಬರಿಯಾಕ ಆಗಂಗಿಲ್ಲಾ?”

“ನಿಯಮ ಐತಿ.”

“ನನಗ ಅಣ್ಣ ಒಬ್ಬನ ಅದಾನ. ಅದೂ ನಿಯಮನ.”

ಪ್ರೆಸ್ಸಿನಲ್ಲಿ ಮಹಬೂಬಸಾಬರು ಸಂಗತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಲೇ ಮೌನೇಶಾ, ಅಚ್ಚಾದ ಪುರಾವಾ ಬೇಕಂದ್ರ ಅಳತಾ ಯಾಕ ಕುಂತಿ? ನಾವೇನ ಇಲ್ಲಿ ರೊಟ್ಟಿ ಸುಡಾಕತ್ತೇವೇನು? ಎಂಥಾ ಪುರಾವಾ ಬೇಕ ಹೇಳು, ಛಾಪಿಸಿ ಬಿಡೋಣು. ನೂರ ಪ್ರತಿಗಿಂತ ಕಡಿಮಿ ಆದ್ರ ಮಾತ್ರ ಪಡತಾ ಬರಂಗಿಲ್ಲ.”

ತನ್ನ ಕೈಯಾರೆ ಜೋಡಿಸಿದ್ದನ್ನು ತಾನೇ ಆಧಾರವೆಂದು ತೋರಿಸುವಷ್ಟು ಕೆಳಗಿಳಿಯಲು ಮೌನೇಶ ಸಿದ್ಧನಿರಲಿಲ್ಲ. ಅದಕ್ಕಿಂತ ಆಧಾರವೇ ಇಲ್ಲದೆ ಬರೆಯುವುದು ಪ್ರಾಮಾಣಿಕವೆನಿಸಿತು. ಹಾಗೆಯೇ ಬರೆದ: ‘ಗ್ರಾಮದ ಗಣ್ಯರಲ್ಲಿ ಮಾಜಿ ಅಧ್ಯಕ್ಷ ಪುಂಡಲೀಕಪ್ಪನವರು ಪ್ರಮುಖರು.’ ಕಿರೇಬಾವಿಯಿಂದ ಆ ಸಂಜೆಯೇ ಫೋನು ಬಂತು. ಜವಳದ ದಿನ ನಿಗದಿಯಾಯಿತು.

ಮೌನೇಶ ಈಗ ಶಿಕ್ಷೆಗಾಗಿ ಕಾಯತೊಡಗಿದ. ಎಲ್ಲೋ ಕುಳಿತ, ಹೆಸರರಿಯದ, ಕಠಿಣ ಮುಖದ ಸಂಪಾದಕನೊಬ್ಬ ಆ ಸಾಲನ್ನು ಕಂಡೇ ಕಾಣುತ್ತಾನೆ, ಅದರ ಮುಂದೆ ‘ಆಧಾರ ಬೇಕಾಗಿದೆ’ ಎಂದು ಬರೆದೇ ಬರೆಯುತ್ತಾನೆ ಎಂದು ಅವನು ನಂಬಿದ್ದ. ಲಗ್ನಪತ್ರಿಕೆಯೊಂದನ್ನು ಮುಗಿಸಿ ಇನ್ನೊಂದಕ್ಕೆ ಕೈಹಾಕುವ ನಡುವೆ ಪುಟವನ್ನು ತೆರೆದು ನೋಡುತ್ತಿದ್ದ. ಯಾರೂ ಬರಲಿಲ್ಲ. ಪುಂಡಲೀಕಪ್ಪ ಆಮೆಯ ಪಕ್ಕದಲ್ಲಿ ನಿಶ್ಚಿಂತೆಯಿಂದ ಇದ್ದ. ಇಷ್ಟು ವರ್ಷ ಲೋಕದ ಸತ್ಯವನ್ನೆಲ್ಲ ಕಾಯುವ ಒಂದು ದೊಡ್ಡ ಪಡೆಯಲ್ಲಿ ತಾನೂ ಒಬ್ಬ ಸಿಪಾಯಿ ಎಂದು ತಿಳಿದಿದ್ದವನಿಗೆ, ಕನಿಷ್ಠ ಕಿರೇಬಾವಿಯ ಗಡಿಯಲ್ಲಿ ಕಾವಲಿದ್ದವನು ತಾನೊಬ್ಬನೇ, ಕನ್ನ ಹಾಕಿದವನೂ ತಾನೇ ಎಂಬುದು ಅರಿವಾಯಿತು. ಸಿಕ್ಕಿಬೀಳುವ ಭಯವನ್ನು ಅವನು ಹೇಗೋ ತಾಳಿಕೊಂಡಾನು. ಸಿಕ್ಕಿಬೀಳದಿರುವ ಅವಮಾನವನ್ನು ತಾಳಲಾಗಲಿಲ್ಲ. ಜವಳದ ಮುಂಜಾನೆ, ಬಚ್ಚಲಿನ ಒಲೆಗೆ ಕಟ್ಟಿಗೆ ಹಾಕಿ ಬಂದವನು ಫೋನು ತೆಗೆದು ಆ ಸಾಲನ್ನು ಅಳಿಸಿಬಿಟ್ಟ. ಎದೆ ಹಗುರವಾಯಿತು. ಆಗಲೇ ಓಣಿಯಲ್ಲಿ ಕಿರೇಬಾವಿಯ ಟೆಂಪೋ ನಿಂತ ಸದ್ದು ಕೇಳಿತು.

ಪುಂಡಲೀಕಪ್ಪ ಹೊಸ ರುಮಾಲು ಸುತ್ತಿಕೊಂಡು, ಅಳಿಯನಿಗೆ ಹೊಸ ಅಂಗಿ, ಬೆಳ್ಳಿಯ ಉಡದಾರ ಹಿಡಿದುಕೊಂಡು ಇಳಿದ. ಅಂಗಳದಲ್ಲಿ ಮಣೆ ಹಾಕಿತ್ತು. ಕ್ಷೌರದ ಕಳಕಪ್ಪ ತನ್ನ ಪಾಳಿಗಾಗಿ ಕಾದಿದ್ದ. ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕತ್ತರಿ ಕೈಗೆ ತೆಗೆದುಕೊಂಡ ಪುಂಡಲೀಕಪ್ಪ, ನೆರೆದ ಬೀಗರನ್ನೆಲ್ಲ ಒಮ್ಮೆ ನೋಡಿದ.

“ತಡೀರಿ. ಯಂಕಪ್ಪಾ, ಮೊದಲ ಆ ಪುಟಾ ತಗದು ಎಲ್ಲಾರಿಗೂ ಓದಿ ಹೇಳು.”

ಯಂಕಪ್ಪ ಕನ್ನಡಕ ಏರಿಸಿ ಓದಿದ. ಜೋಳ ಬಂತು, ಶೇಂಗಾ ಬಂತು, ಬಾವಿ ಬಂತು, ಆಮೆ ಬಂತು. ಅಲ್ಲಿಗೆ ಊರು ಮುಗಿಯಿತು.

“ಇಲ್ಲಲ್ಲೋ ನೀ!”

ಕತ್ತರಿ ಕೆಳಗಿಳಿಯಿತು. ರಿಬ್ಬನ್ನಿನಿಂದ ಜಾರಿ ಬಿದ್ದ ಕೂದಲಿನ ಪರದೆಯ ಹಿಂದಿನಿಂದ ಮುದಕಪ್ಪ ಸೀನಿದ. ಶಿವರಂಜನಿ ಗಂಡನತ್ತ ನೋಡಿದಳು. ಅವಳಿಗೆ ಎಲ್ಲವೂ ತಿಳಿದುಹೋಗಿತ್ತು. ಅವಳ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ಮೌನೇಶ ನಿಜ ಹೇಳುತ್ತಿದ್ದನೇನೋ. ಸಿಟ್ಟಿರಲಿಲ್ಲ, ನೀರಿತ್ತು.

“ತಗದಾರ್ರಿ,” ಎಂದ.

“ಯಾರು?”

“ಮೈಸೂರ ಕಡಿಯವರು.”

ಪುಂಡಲೀಕಪ್ಪನ ಮುಖದ ಮೇಲೆ ನೋವು ಕ್ಷಣ ಮಾತ್ರ ನಿಂತಿತು. ಆಮೇಲೆ ಅಲ್ಲಿ ಬೇರೆಯದೇ ಒಂದು ಬೆಳಕು ಹಬ್ಬಿತು. ಮುಂಡರಗಿ ತಾಲೂಕಿನ ಮೂಲೆಯಲ್ಲಿರುವ ತನ್ನ ಹೆಸರನ್ನು ಅಷ್ಟು ದೂರದ ಒಬ್ಬ ಮನುಷ್ಯ ಹುಡುಕಿ, ಓದಿ, ಸಹಿಸಲಾರದೆ ಅಳಿಸಿದ್ದಾನೆ! ಗಣ್ಯರ ಸಾಲಿನಲ್ಲಿ ಇರುವುದಕ್ಕಿಂತ ಅಲ್ಲಿಂದ ತೆಗೆಯಲ್ಪಡುವುದು ಎಷ್ಟು ದೊಡ್ಡ ಪದವಿ ಎಂದು ಅವನಿಗೆ ಇಷ್ಟು ದಿನ ಗೊತ್ತಿರಲಿಲ್ಲ.

“ಕೇಳಿದ್ರೇನ?” ಎಂದು ಅವನು ಬೀಗರತ್ತ ತಿರುಗಿದ. “ನಮ್ಮ ಕಡಿ ಮಂದಿ ಒಂದಿಷ್ಟ ಮ್ಯಾಲ ಬಂದ್ರ ಆಗಂಗಿಲ್ಲ ಅವರಿಗೆ. ಮೌನೇಶಾ, ನೀ ಮನಸಿಗೆ ಹಚಗೋಬ್ಯಾಡೋ. ನಿಂದೇನ ತಪ್ಪೈತಿ?” ಅಂದವನೇ ಕತ್ತರಿ ಎತ್ತಿ, ಕೆಂಪು ರಿಬ್ಬನ್ನು ಬಿಚ್ಚಿ, ಮೊದಲ ಎಳೆಯನ್ನು ಕತ್ತರಿಸಿದ. ಉಳಿದದ್ದನ್ನು ಕಳಕಪ್ಪ ಇಳಿಸಿದ. ಬೋಳಾದ ತಲೆಯ ಮುದಕಪ್ಪ ಅಂಗಳದಲ್ಲಿ ಇಷ್ಟೊಂದು ಜನ ಇರುವುದನ್ನು ಮೊದಲ ಬಾರಿಗೆ ಕಂಡು ಬೆರಗಾದ.

“ಹೆಸರೇನೋ ಅವಂದು, ಮೈಸೂರಾಂವಂದು?” ಪಂಕ್ತಿಯಲ್ಲಿ ಕುಳಿತ ಯಂಕಪ್ಪ ಕೇಳಿದ.

ತುಪ್ಪ ಬಡಿಸುತ್ತಿದ್ದ ಮೌನೇಶನಿಗೆ ಏನಾದರೊಂದು ಹೇಳಲೇಬೇಕಾಯಿತು. “ಚನ್ನಕೇಶವ ಅಂತ್ರಿ.”

ಹೋಳಿಗೆ ಎರಡನೆಯ ಸುತ್ತು ಬರುವ ಹೊತ್ತಿಗೆ ಚನ್ನಕೇಶವನಿಗೆ ಸರಕಾರಿ ಪಿಂಚಣಿ, ಎರಡು ಮನೆ, ಸಕ್ಕರೆ ಕಾಯಿಲೆ ಎಲ್ಲ ಬಂದಿದ್ದವು. ದಸರಾಕ್ಕೆ ಹೋದಾಗ ಅವನನ್ನು ದೂರದಿಂದ ನೋಡಿದ ನೆನಪು ಯಂಕಪ್ಪನಿಗಾಯಿತು: ಕುಳ್ಳಗಿದ್ದ, ಯಾರ ಜೋಡಿಯೂ ಮಾತಾಡುತ್ತಿರಲಿಲ್ಲ. ಪುಂಡಲೀಕಪ್ಪ ಅವನನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸುವ ಹಂತಕ್ಕೆ ಬಂದಿದ್ದ. ಕಸ್ತೂರೆವ್ವನಿಗಂತೂ ಅಯ್ಯೋ ಎನಿಸಿತು.

“ಮಕ್ಕಳಿಲ್ಲಂತ ಕಾಣತೈತಿ ಪಾಪ ಅವಗ. ಅದಕ್ಕ ಹಂಗ ಮಾಡ್ಯಾನ. ಹೌದಲ್ರಿ ಅಳಿಯಾರ?”

ಮೌನೇಶ ತುಪ್ಪದ ಗಿಂಡಿ ಹಿಡಿದು ನಿಂತ. ಸುಮ್ಮನೆ ಮುಂದೆ ಸಾಗಬಹುದಾಗಿತ್ತು. ಆದರೆ ತಪ್ಪು ಮಾಹಿತಿಯನ್ನು ಕಿವಿಯಾರೆ ಕೇಳಿ ತಿದ್ದದೆ ಬಿಡುವುದು ಅವನಿಂದ ಆಗದ ಕೆಲಸ.

“ಇಲ್ರಿ ಅತ್ತಿ,” ಎಂದ. “ಒಬ್ಬಾಕಿ ಮಗಳದಾಳ.”